ಬೇಸಿಗೆ ಅಡುಗೆಯ ಲೆಕ್ಕ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವುದರಿಂದ, ಕಂಪ್ಯೂಟರ್ ಬಗ್ಗೆಯೋ ಮಕ್ಕಳ ಮುಂದಿನ ಓದಿನ ಬಗ್ಗೆಯೋ ನಾಲ್ಕು ಮಾತು ಹೇಳಬೇಕು ಎಂದು ಸಮಿತಿಯವರು ಕೇಳಿದ್ದರು. ಆ ವಿಷಯ ಹೇಳುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅಡುಗೆಯ ಬಗ್ಗೆ ಮಾತನಾಡುತ್ತೇನೆ. ಅದರಲ್ಲೂ ಬೇಸಿಗೆಯ ಅಡುಗೆ, ಅಂದರೆ ಬೇಸಿಗೆಯಲ್ಲಿ ಸಿಗುವ ಹಣ್ಣು ತರಕಾರಿಯನ್ನು ನಮ್ಮ ಮನೆಗಳಲ್ಲಿ ಏನೇನು ಮಾಡುತ್ತಿದ್ದರು, ಈಗ ಏನು ಮಾಡಬಹುದು ಎಂಬುದು. ನಗಬೇಡಿ, ಇದರಲ್ಲಿ ಓದುವ ಮಕ್ಕಳಿಗೂ ವಿಷಯ ಇದೆ, ಊರಿಗೂ ಇದೆ.

ನಮ್ಮ ಆಫೀಸುಗಳಲ್ಲಿ ಒಂದು ನಿಯಮ ಇದೆ. ಯಾವುದಾದರೂ ಕೆಲಸ ಒಬ್ಬರಿಗೆ ಮಾತ್ರ ಗೊತ್ತಿದ್ದರೆ, ಅವರು ಎಷ್ಟೇ ಜಾಣರಾಗಿರಲಿ, ಆ ಕೆಲಸ ಅಪಾಯದಲ್ಲಿದೆ ಎಂದು ಲೆಕ್ಕ. ಅವರು ರಜೆ ಹಾಕಿದರೆ ಕೆಲಸ ನಿಲ್ಲುತ್ತದೆ, ಬಿಟ್ಟು ಹೋದರೆ ಹೋದಂತೆಯೇ. ಅದಕ್ಕೆ ಮೊದಲು ಬರೆದಿಡಿ, ಇನ್ನೊಬ್ಬರಿಗೆ ಕಲಿಸಿ ಎನ್ನುತ್ತಾರೆ. ನಮ್ಮೂರ ಬೇಸಿಗೆ ಅಡುಗೆ ಇವತ್ತು ಅದೇ ಸ್ಥಿತಿಯಲ್ಲಿದೆ. ಅದು ಇರುವುದು ಅರವತ್ತು ದಾಟಿದ ಕೆಲವು ತಾಯಂದಿರ ಕೈಯಲ್ಲಿ. ಬರೆದಿಟ್ಟವರು ಕಡಿಮೆ.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರೆ. ನಮ್ಮ ಕಡೆ ಬೇಸಿಗೆಯ ಕೆಲಸ ಅಲ್ಲಿಂದ ಶುರು. ಮೊದಲು ಹುಣಸೆಹಣ್ಣು. ಬಡಿದು, ಒಣಗಿಸಿ, ಬೀಜ ನಾರು ತೆಗೆದು, ಉಪ್ಪು ಬೆರೆಸಿ ಮಡಕೆಗೆ ತುಂಬಿದರೆ ವರ್ಷದ ಸಾರಿಗೆ ಆಯಿತು. ಮಾರ್ಚ್–ಏಪ್ರಿಲ್‌ನಲ್ಲಿ ನಂಜನಗೂಡಿನ ದೊಡ್ಡ ಜಾತ್ರೆ. ಯುಗಾದಿಗೆ ಮಾವಿನಕಾಯಿ ಚಿತ್ರಾನ್ನ. ರಾಮನವಮಿಗೆ ಪಾನಕ, ಹೆಸರುಬೇಳೆ ಕೋಸಂಬರಿ. ಅಷ್ಟರಲ್ಲಿ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ. ಆಮೇಲೆ ಉಪ್ಪಿನಕಾಯಿ. ಮೇ ತಿಂಗಳಲ್ಲಿ ಬಾದಾಮಿ, ರಸಪುರಿ ಮಾವಿನಹಣ್ಣು, ಅದರ ಸೀಕರಣೆ. ಹಲಸಿನ ಹಣ್ಣು ಜೂನ್ ಮಳೆ ಹಿಡಿಯುವವರೆಗೂ ಇರುತ್ತದೆ.

ಇದರ ಹಿಂದೆ ಒಂದು ಸರಳ ಲೆಕ್ಕ ಇತ್ತು. ಬೇಸಿಗೆಯ ಮೂರು ತಿಂಗಳು ಕಾಯಿ ಹಣ್ಣು ಹೆಚ್ಚು, ಬಿಸಿಲು ಪುಕ್ಕಟೆ, ಹೊಲದ ಕೆಲಸ ಕಡಿಮೆ. ಆಷಾಢ ಶ್ರಾವಣದಲ್ಲಿ ತರಕಾರಿ ದುಬಾರಿ, ಬಿಸಿಲಿಲ್ಲ, ನಾಟಿಯ ಕೆಲಸ ತಲೆ ಮೇಲೆ. ಆದ್ದರಿಂದ ಬೇಸಿಗೆಯಲ್ಲಿ ಮಿಕ್ಕಿದ್ದನ್ನು ಮಳೆಗಾಲಕ್ಕೆ ದಾಟಿಸಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ಅದನ್ನು ದಾಟಿಸುವುದಕ್ಕೆ ನಮ್ಮ ಅಜ್ಜಿಯರಿಗೆ ಮೂರು ದಾರಿ ಗೊತ್ತಿತ್ತು: ಉಪ್ಪು, ಬಿಸಿಲು, ಬೆಲ್ಲ. ಮೂರೂ ಮಾಡುವುದು ಒಂದೇ ಕೆಲಸ. ಆಹಾರ ಕೆಡುವುದು ಅದರಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯುವುದರಿಂದ. ಅವು ಬೆಳೆಯಲು ನೀರು ಬೇಕು. ಆ ನೀರು ಅವುಗಳ ಕೈಗೆ ಸಿಗದ ಹಾಗೆ ಮಾಡಿದರೆ ಆಹಾರ ಉಳಿಯುತ್ತದೆ.

ಉಪ್ಪಿನಕಾಯಿಯನ್ನೇ ತೆಗೆದುಕೊಳ್ಳಿ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿ ಮಾರನೆಯ ದಿನ ನೋಡಿದರೆ ಜಾಡಿಯಲ್ಲಿ ನೀರು ನಿಂತಿರುತ್ತದೆ. ನಾವು ನೀರು ಹಾಕಿಲ್ಲ. ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆ ಎಳೆದಿದೆ. ವಿಜ್ಞಾನದ ಪುಸ್ತಕದಲ್ಲಿ ಅಭಿಸರಣೆ ಎಂದು ಓದುತ್ತೀರಲ್ಲ ಮಕ್ಕಳೇ, ಇದೇ ಅದು. ಬ್ಯಾಕ್ಟೀರಿಯಾ ಒಳಗಿನ ನೀರನ್ನೂ ಉಪ್ಪು ಹೀಗೇ ಎಳೆಯುತ್ತದೆ. ನಮ್ಮ ಮನೆಯ ಅಳತೆ, ಹೋಳು ಐದು ಪಾಲಿಗೆ ಕಲ್ಲುಪ್ಪು ಒಂದು ಪಾಲು. ಅಂದರೆ ಒಂದು ಕೆ.ಜಿ. ಹೋಳಿಗೆ 200 ಗ್ರಾಂ. ಕಾಯಿಯ ಹುಳಿಯೂ ಕೆಡದಂತೆ ಕಾಪಾಡುತ್ತದೆ. ಮೇಲೆ ನಿಲ್ಲುವ ಎಣ್ಣೆ ಗಾಳಿ ತಾಗದಂತೆ ತಡೆಯುತ್ತದೆ. ಒದ್ದೆ ಚಮಚ ಹಾಕಬೇಡ ಎಂದು ಅವ್ವ ಬೈಯುವುದು ಇದಕ್ಕೇ. ಬಿ.ಪಿ. ಇರುವವರು ಮಾತ್ರ ಈ 200 ಗ್ರಾಂ ಮಾತನ್ನು ನೆನಪಿಟ್ಟುಕೊಂಡು ಕಡಿಮೆ ತಿನ್ನಬೇಕು. ಬೂಷ್ಟು ಬಂದ ಉಪ್ಪಿನಕಾಯಿಯನ್ನು ಮೇಲಿನಿಂದ ಬಳಿದು ತೆಗೆದು ತಿನ್ನುವ ಅಭ್ಯಾಸ ಬೇಡ, ಬಿಸಾಡುವುದೇ ಸರಿ.

ಮಜ್ಜಿಗೆ ಮೆಣಸಿನಕಾಯಿಯಲ್ಲಿ ಉಪ್ಪು, ಹುಳಿ, ಬಿಸಿಲು ಮೂರೂ ಸೇರಿವೆ. ಮೆಣಸಿನಕಾಯಿಯನ್ನು ಸೀಳಿ, ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸುತ್ತಾರೆ. ಹಗಲು ಬಿಸಿಲಿಗೆ ಹರಡುತ್ತಾರೆ. ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಹೀರುವವರೆಗೆ ದಿನವೂ ಇದೇ ಕೆಲಸ. ಆಮೇಲೆ ಗಲಗಲ ಎನ್ನುವಷ್ಟು ಒಣಗಿಸಿ ಡಬ್ಬಿಗೆ ತುಂಬುವುದು. ಮಳೆ ಹೊಯ್ಯುವ ದಿನ ಬಿಸಿ ಅನ್ನ, ಮಜ್ಜಿಗೆ, ಕರಿದ ಮೆಣಸಿನಕಾಯಿ ಎರಡು ಇದ್ದರೆ ಊಟವಾಯಿತು.

ಸಂಡಿಗೆಯ ಗುಟ್ಟು ಬೇಯಿಸುವುದರಲ್ಲಿದೆ. ಒಂದು ಲೋಟ ಸಬ್ಬಕ್ಕಿಗೆ ನಾಲ್ಕರಿಂದ ಐದು ಲೋಟ ನೀರು. ರಾತ್ರಿ ನೆನೆಸಿ, ಬೆಳಿಗ್ಗೆ ಕಾಳು ಗಾಜಿನ ಹಾಗೆ ಆಗುವವರೆಗೆ ಕುದಿಸಬೇಕು. ಆಗ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ. ಬಿಸಿಲಿಗೆ ಅದು ಗಟ್ಟಿಯಾಗಿ ಒಣಗುತ್ತದೆ. ಆದರೂ ಒಳಗೆ ಸ್ವಲ್ಪ ತೇವ ಉಳಿದಿರುತ್ತದೆ. ಕಾದ ಎಣ್ಣೆಗೆ ಹಾಕಿದಾಗ ಆ ತೇವ ಆವಿಯಾಗಿ ಹೊರಗೆ ನುಗ್ಗುವುದರಿಂದ ಸಂಡಿಗೆ ಅರಳುತ್ತದೆ. ಇನ್ನೊಂದು ಮಾತು: ಹಸಿಯಲ್ಲಿ ಉಪ್ಪು ಸರಿಯಾಗಿದೆ ಅನ್ನಿಸಿದರೆ ಒಣಗಿದ ಮೇಲೆ ಅದು ಹೆಚ್ಚಾಗಿರುತ್ತದೆ, ಏಕೆಂದರೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಆದ್ದರಿಂದ ಉಪ್ಪು ಒಂದು ಕೈ ಕಡಿಮೆಯೇ ಇರಲಿ.

ಈಗ ಹಣ್ಣು ಮಾಗಿಸುವ ವಿಷಯ. ನಮ್ಮಲ್ಲಿ ಬಲಿತ ಮಾವಿನಕಾಯಿಯನ್ನು ಭತ್ತದ ಹುಲ್ಲಿನಲ್ಲಿ ಮುಚ್ಚಿಡುತ್ತಿದ್ದರು. ಬಾಳೆಗೊನೆಗೆ ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುತ್ತಿದ್ದರು. ಎರಡರಲ್ಲೂ ಕೆಲಸ ಮಾಡುವುದು ಎಥಿಲೀನ್ ಎಂಬ ಅನಿಲ. ಮಾಗುವ ಹಣ್ಣು ತಾನೇ ಅದನ್ನು ಬಿಡುತ್ತದೆ. ಹುಲ್ಲು ಅದನ್ನು ಹೊರಗೆ ಹೋಗದಂತೆ ಹಿಡಿದಿಡುತ್ತದೆ. ಹೊಗೆಯಲ್ಲೂ ಅದೇ ಅನಿಲ ಇರುತ್ತದೆ. ಹುಲ್ಲಿನ ರಾಶಿಯಲ್ಲಿ ಒಂದು ಹಣ್ಣು ಮಾಗಿದರೆ ಪಕ್ಕದ್ದೂ ಬೇಗ ಮಾಗುವುದು ಇದರಿಂದಲೇ. ಕೆಲವು ವ್ಯಾಪಾರಿಗಳು ಇದರ ಬದಲು ಕ್ಯಾಲ್ಸಿಯಂ ಕಾರ್ಬೈಡ್ ಇಡುತ್ತಾರೆ. ಅದರಿಂದ ಬರುವ ಅನಿಲ ಸಿಪ್ಪೆಗೆ ಬಣ್ಣ ತರುತ್ತದೆ, ಒಳಗೆ ರುಚಿ ಇರುವುದಿಲ್ಲ. ಜೊತೆಗೆ ಆರ್ಸೆನಿಕ್, ರಂಜಕದ ವಿಷದ ಅಂಶಗಳೂ ಇರಬಹುದು. ನಮ್ಮ ದೇಶದಲ್ಲಿ ಅದಕ್ಕೆ ನಿಷೇಧ ಇದೆ. ಮನೆಯಲ್ಲಿ ಮಾವು ಮಾಗಿಸಲು ಇವತ್ತಿಗೂ ಒಂದು ಹೊರೆ ಹುಲ್ಲು ಸಾಕು.

ಬಾಳೆಹಣ್ಣಿನ ಮಾತು ಬಂದ ಮೇಲೆ ನಂಜನಗೂಡು ರಸಬಾಳೆಯನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ತೆಳು ಸಿಪ್ಪೆ, ಮೃದುವಾದ ತಿರುಳು, ಕೋಣೆಯಲ್ಲಿ ಒಂದು ಚಿಪ್ಪು ಇಟ್ಟರೆ ಇಡೀ ಮನೆಗೆ ವಾಸನೆ. ರಸಬಾಳೆ, ತೆಂಗಿನಹಾಲು, ಬೆಲ್ಲ, ಏಲಕ್ಕಿ ಸೇರಿಸಿ ಮಾಡಿದ ರಸಾಯನದ ರುಚಿ ಬೇರೆ ಬಾಳೆಯಲ್ಲಿ ಬರುವುದಿಲ್ಲ. ಈ ಹಣ್ಣಿಗೆ 2005–06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದರೆ ಆ ಹೊತ್ತಿಗೆ ತೋಟಗಳು ಬಹಳ ಮಟ್ಟಿಗೆ ಹೋಗಿಯೇ ಬಿಟ್ಟಿದ್ದವು. ಕಾರಣ ಪನಾಮ ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ಗಿಡ ನೀರೆಳೆಯುವ ದಾರಿಯನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ. ಒಮ್ಮೆ ಮಣ್ಣಿಗೆ ಸೇರಿದರೆ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ. ಅಂಗಾಂಶ ಕೃಷಿಯ ಸಸಿ ತಂದರೆ ಸಸಿಯಲ್ಲಿ ರೋಗ ಇರುವುದಿಲ್ಲ, ಆದರೆ ರೋಗದ ಮಣ್ಣಿಗೆ ನೆಟ್ಟರೆ ಅದಕ್ಕೂ ಹಿಡಿಯುತ್ತದೆ. ಜಗತ್ತಿನ ಇನ್ನೊಂದು ತುದಿಯಲ್ಲೂ ಇದೇ ಆಯಿತು. ಮಧ್ಯ ಅಮೆರಿಕದಿಂದ ಊರೂರಿಗೆ ಹೋಗುತ್ತಿದ್ದ ಗ್ರೋ ಮಿಶೆಲ್ ಎಂಬ ಬಾಳೆ ಇದೇ ರೋಗಕ್ಕೆ ಸಿಕ್ಕಿ 1960ರ ದಶಕದ ಹೊತ್ತಿಗೆ ಮಾರುಕಟ್ಟೆಯಿಂದ ಮರೆಯಾಯಿತು. ಅದರ ಜಾಗಕ್ಕೆ ಕ್ಯಾವೆಂಡಿಶ್ ಬಂತು. ನಮ್ಮ ಅಂಗಡಿಗಳ ಪಚ್ಚಬಾಳೆ ಅದೇ ಗುಂಪಿನದು.

ರಸಬಾಳೆಯನ್ನು ಉಳಿಸಬೇಕೆಂದು ಇವತ್ತಿಗೂ ಬೆಳೆಯುತ್ತಿರುವ ರೈತರು ಇದ್ದಾರೆ. ಅವರಿಂದ ಕೊಳ್ಳುವವರು ಬೇಕು. ಕೊಳ್ಳುವವರಿಗೆ ಆ ಹಣ್ಣಿನಲ್ಲಿ ಏನು ಮಾಡಬೇಕು ಎಂದು ಗೊತ್ತಿರಬೇಕು. ಅಡುಗೆ ಮರೆತರೆ ಬೆಳೆಯನ್ನು ಕೇಳುವವರೂ ಇರುವುದಿಲ್ಲ.

ಹಲಸಿಗೆ ರೋಗ ಬಂದಿಲ್ಲ, ನಮ್ಮ ಸೋಮಾರಿತನ ಬಂದಿದೆ. ಮರದ ಕೆಳಗೆ ಬಿದ್ದು ಕೊಳೆಯುವ ಹಣ್ಣನ್ನು ನೀವೆಲ್ಲ ನೋಡಿದ್ದೀರಿ. ಎಳೆಕಾಯಿಯಲ್ಲಿ ಪಲ್ಯ, ಬಲಿತ ತೊಳೆಯಲ್ಲಿ ಹಪ್ಪಳ, ಹಣ್ಣಿನಲ್ಲಿ ಅಕ್ಕಿತರಿ ಬೆಲ್ಲ ಸೇರಿಸಿ ಕಡುಬು. ಬೀಜ ತೊಳೆದು ಒಣಗಿಸಿಟ್ಟರೆ ಮಳೆಗಾಲದಲ್ಲಿ ಸೊಪ್ಪಿನ ಜೊತೆ, ಬದನೆಕಾಯಿಯ ಜೊತೆ ಸಾರಿಗೆ ಬರುತ್ತದೆ. ಮುದ್ದೆಗೆ ಅದಕ್ಕಿಂತ ಒಳ್ಳೆಯ ಸಾರು ನನಗೆ ಗೊತ್ತಿಲ್ಲ. ಹಾಗೆಯೇ ಕಲ್ಲಂಗಡಿ. ಕೆಂಪು ಭಾಗ ತಿಂದು ಎಸೆಯುತ್ತೇವೆ. ಹಸಿರು ಸಿಪ್ಪೆ ಹೆರೆದು, ಉಳಿದ ಬಿಳಿ ಭಾಗವನ್ನು ನೆನೆಸಿದ ಅಕ್ಕಿ ಜೊತೆ ರುಬ್ಬಿದರೆ ಮೃದುವಾದ ದೋಸೆ ಆಗುತ್ತದೆ, ಹೆಚ್ಚಿದರೆ ಪಲ್ಯ ಆಗುತ್ತದೆ.

ಕೇಕಿನ ಬಗ್ಗೆಯೂ ಹೇಳುತ್ತೇನೆ, ಏಕೆಂದರೆ ಈ ಮಕ್ಕಳು ಮೊಬೈಲಿನಲ್ಲಿ ನೋಡಿ ಅದನ್ನೇ ಕೇಳುತ್ತಾರೆ. ಓವನ್ ಇಲ್ಲ ಎಂದು ಸುಮ್ಮನಾಗಬೇಕಿಲ್ಲ. ಒಲೆಯ ಬಿಸಿ ಬೂದಿಯಲ್ಲಿ ಗೆಣಸು ಹುಗಿದು ಬೇಯಿಸಿದ ಊರು ನಮ್ಮದು. ಕೆಂಡದಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡಿದ ಊರು. ಸುತ್ತಲಿಂದ ಒಣ ಶಾಖ ಕೊಟ್ಟು ಬೇಯಿಸುವುದೇ ಬೇಕಿಂಗ್.

ಇದನ್ನು ಬರೆದುಕೊಳ್ಳಿ. ಚೆನ್ನಾಗಿ ಮಾಗಿದ, ಸಿಪ್ಪೆ ಕಪ್ಪಾದ ಬಾಳೆಹಣ್ಣು 4. ಯಾವ ಬಾಳೆಯಾದರೂ ಸರಿ. ಗೋಧಿಹಿಟ್ಟು 200 ಗ್ರಾಂ, ರಾಗಿಹಿಟ್ಟು 50 ಗ್ರಾಂ, ಬೆಲ್ಲದ ಪುಡಿ 150 ಗ್ರಾಂ, ಎಣ್ಣೆ 100 ಮಿ.ಲೀ., ಹುಳಿ ಮೊಸರು 100 ಮಿ.ಲೀ., ಅಡುಗೆ ಸೋಡ ಮಟ್ಟಸವಾಗಿ ಒಂದು ಟೀ ಚಮಚ, ಚಿಟಿಕೆ ಉಪ್ಪು, ಏಲಕ್ಕಿ. ಹಣ್ಣನ್ನು ಕಿವುಚಿ ಬೆಲ್ಲ, ಎಣ್ಣೆ, ಮೊಸರು ಬೆರೆಸಿ. ಹಿಟ್ಟು, ಸೋಡ, ಉಪ್ಪನ್ನು ಜರಡಿ ಹಿಡಿದು ಅದಕ್ಕೆ ಸೇರಿಸಿ. ಹೆಚ್ಚು ತಿರುವಬೇಡಿ, ತಿರುವಿದಷ್ಟೂ ಗೋಧಿಯ ಅಂಟು ಬಿಗಿದು ಕೇಕು ಗಟ್ಟಿಯಾಗುತ್ತದೆ. ರಾಗಿಯಲ್ಲಿ ಆ ಅಂಟು ಇಲ್ಲ, ಅದಕ್ಕೇ ರಾಗಿ ಕಡಿಮೆ, ಗೋಧಿ ಹೆಚ್ಚು. ದಪ್ಪ ತಳದ ದೊಡ್ಡ ಪಾತ್ರೆಗೆ ಒಂದು ಅಂಗುಲ ಒಣ ಮರಳು ಹಾಕಿ, ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಎಣ್ಣೆ ಸವರಿದ ಸ್ಟೀಲ್ ಡಬ್ಬಿಯಲ್ಲಿ ಹಿಟ್ಟು ಹಾಕಿ ಅದರೊಳಗಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 45ರಿಂದ 60 ನಿಮಿಷ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆದಿರಬೇಕು. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ಮೊಸರಿನ ಹುಳಿಯೂ ಸೋಡವೂ ಸೇರಿ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಹಿಟ್ಟನ್ನು ಎತ್ತಿ ಹಿಡಿದಿರುತ್ತವೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ತಣ್ಣನೆ ಗಾಳಿ ಬಡಿದರೆ ಕೇಕು ಕುಸಿಯುತ್ತದೆ. ಕಡ್ಡಿ ಚುಚ್ಚಿದಾಗ ಅಂಟದೆ ಬಂದರೆ ಆಯಿತು.

ನಾನು ಈ ಅಳತೆಗಳನ್ನು ಗ್ರಾಂ ಲೆಕ್ಕದಲ್ಲಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಎರಡು ಬೇಸಿಗೆಯಿಂದ ನಮ್ಮವ್ವ ಮಾಡುವುದನ್ನು ಬರೆದುಕೊಳ್ಳುತ್ತಿದ್ದೇನೆ. "ಉಪ್ಪು ಎಷ್ಟವ್ವಾ?" ಎಂದರೆ "ಒಂದ್ ಹಿಡಿ ಕಣ್ ಮಗಾ" ಎನ್ನುತ್ತಿದ್ದರು. "ಹಿಡಿ ಅಂದ್ರೆ ಎಷ್ಟು?" ಎಂದರೆ "ಅಳತೆ ಏನಪ್ಪಾ, ಕೈಗೆ ಗೊತ್ತಾಯ್ತದೆ" ಎಂದು ನಗುತ್ತಿದ್ದರು. ಕೊನೆಗೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ ತಂದು, ಅವರು ಹಿಡಿ ತುಂಬಿದ್ದನ್ನು ಜಾಡಿಗೆ ಹಾಕುವ ಮೊದಲು ಅದರ ಮೇಲೆ ಹಾಕಿಸಿದೆ. ಮೊದಲ ಹಿಡಿ 42 ಗ್ರಾಂ, ಎರಡನೆಯದು 41, ಮೂರನೆಯದು 43. ಕೈಗೆ ಗೊತ್ತು ಎಂದದ್ದು ನಿಜವೇ. ಆದರೆ ಆ ಕೈ ಅವರದು. ನನ್ನ ಹಿಡಿ ತೂಗಿದರೆ 60 ಗ್ರಾಂ ದಾಟಿತು. ನಾನು "ಒಂದು ಹಿಡಿ" ಎಂದು ಬರೆದುಕೊಂಡು ಹೋಗಿದ್ದರೆ ಬರಹ ಇರುತ್ತಿತ್ತು, ಉಪ್ಪಿನಕಾಯಿ ಇರುತ್ತಿರಲಿಲ್ಲ.

ತಾಯಂದಿರ ಮುಂದೆ ಒಂದು ಮಾತನ್ನು ನೇರವಾಗಿ ಹೇಳಬೇಕು. ಈ ಅಡುಗೆಯನ್ನು ಹೊಗಳುವುದು ಸುಲಭ, ಮಾಡುವುದು ಕಷ್ಟ. ಸಂಡಿಗೆ ಹಾಕುವುದೆಂದರೆ ನಾಲ್ಕು ಗಂಟೆಗೆ ಎದ್ದು, ದೊಡ್ಡ ಪಾತ್ರೆಯಲ್ಲಿ ತಿರುವಿ, ಬಿಸಿಲೇರುವ ಮೊದಲು ಬಿಸಿ ಹಿಟ್ಟನ್ನು ಹೊತ್ತು ಮಹಡಿ ಹತ್ತಿ, ಸೊಂಟ ಬಗ್ಗಿಸಿ ಬಟ್ಟೆಯ ಮೇಲೆ ಹಾಕುವುದು. ನಾವು ಹುಡುಗರು ಮಾಡಿದ್ದು ಕಾಗೆ ಓಡಿಸುವ ಕೆಲಸ, ಅದಕ್ಕೆ ಕೂಲಿಯಾಗಿ ಅರೆ ಒಣಗಿದ ಸಂಡಿಗೆ ತಿಂದದ್ದು. ಹೆಣ್ಣುಮಕ್ಕಳು ಈಗ ಕಾಲೇಜಿಗೆ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಕೆಲಸಕ್ಕೆ ಹೋಗುತ್ತಿದ್ದಾರೆ. ಹೋಗಲೇಬೇಕು. ಅವರು ಕೆಲಸ ಬಿಟ್ಟು ಬಂದು ಸಂಡಿಗೆ ಹಾಕಲಿ ಎಂದು ನಾನು ಹೇಳಿದರೆ ಅದು ಅನ್ಯಾಯ. ಅಡುಗೆ ಉಳಿಯಬೇಕಾದರೆ ಗಂಡುಮಕ್ಕಳು ಕಲಿಯಬೇಕು. ಪಾತ್ರೆ ಹೊರಲು, ಹೋಳು ಕೊಚ್ಚಲು, ಹಲಸು ಬಿಡಿಸಲು ಗಂಡಸರಿಗೆ ಏನು ಅಡ್ಡಿ? ಇವತ್ತು ಇಲ್ಲಿ ಕುಳಿತಿರುವ ಒಂಬತ್ತು, ಹತ್ತನೇ ತರಗತಿಯ ಹುಡುಗರು ನಾಳೆ ಓದಿಗೋ ಕೆಲಸಕ್ಕೋ ಊರು ಬಿಟ್ಟು ಒಂದು ಕೋಣೆಯಲ್ಲಿ ಇರುವವರು. ಆಗ ನಿಮಗೆ ಇದೆಲ್ಲ ಬೇಕೇ ಬೇಕಾಗುತ್ತದೆ.

ಇದಕ್ಕೆ ಬೇಕಾದ ಸಹಾಯ ನಮ್ಮ ಹತ್ತಿರದಲ್ಲೇ ಇದೆ. ಆಹಾರವನ್ನು ಕೆಡದಂತೆ ಇಡುವ ವಿದ್ಯೆಯಲ್ಲಿ ದೇಶಕ್ಕೇ ಹೆಸರಾದ ಸಿ.ಎಫ್.ಟಿ.ಆರ್.ಐ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾಯಿತು. ನಮ್ಮ ತಾಲ್ಲೂಕಿನ ಸುತ್ತೂರಿನಲ್ಲಿಯೇ ಜೆ.ಎಸ್.ಎಸ್. ಕೃಷಿ ವಿಜ್ಞಾನ ಕೇಂದ್ರ ಇದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದು. ಆದರೆ ನಮ್ಮೂರಿನ ಮನೆಮನೆಯ ಅಳತೆಯನ್ನು ಅವರು ಬಂದು ಬರೆಯುವುದಿಲ್ಲ. ಅದು ನಮ್ಮ ಕೆಲಸ.

ಆದ್ದರಿಂದ ನನ್ನ ಕೋರಿಕೆ ಒಂದೇ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಆ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿ, ಹುಡುಗನಾಗಲಿ ಹುಡುಗಿಯಾಗಲಿ, ತನ್ನ ಮನೆಯ ಅಥವಾ ಬೀದಿಯ ಒಬ್ಬ ಹಿರಿಯರಿಂದ ಒಂದೇ ಒಂದು ಬೇಸಿಗೆ ಅಡುಗೆ ಕಲಿತು ಬರೆಯಲಿ. ಯಾವ ಕಾಯಿ, ಯಾವ ಮರದ್ದು, ಯಾವ ತಿಂಗಳು, ಪ್ರತಿಯೊಂದೂ ಎಷ್ಟು ಗ್ರಾಂ, ಎಷ್ಟು ದಿನದ ಬಿಸಿಲು, ಎಷ್ಟು ತಿಂಗಳು ಕೆಡದೆ ಉಳಿಯಿತು, ಹೇಳಿಕೊಟ್ಟವರು ಯಾರು, ಇಷ್ಟು ಇರಲಿ. ಕೇಳಿ ಬರೆದರೆ ಸಾಲದು, ತೂಗಿ ಬರೆಯಬೇಕು, ತಾನೇ ಒಮ್ಮೆ ಮಾಡಿ ನೋಡಬೇಕು. ಸೇರು, ಪಾವು, ಚಟಾಕಿನಲ್ಲಿ ಹೇಳಿದರೆ ಅದನ್ನೂ ಬರೆಯಿರಿ, ಪಕ್ಕದಲ್ಲಿ ಗ್ರಾಂ ಬರೆಯಿರಿ. ಆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿ ಇರಲಿ. ಶಾಲೆಗೆ ನಾಲ್ಕು ತಕ್ಕಡಿಗಳನ್ನು ನಮ್ಮ ಬ್ಯಾಚಿನವರು ಕೊಡುತ್ತೇವೆ. ಬರೆದದ್ದನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದು. ಮೊದಲ ಪುಟಕ್ಕೆ ನಮ್ಮವ್ವನ ಮಾವಿನಕಾಯಿ ಉಪ್ಪಿನಕಾಯಿಯನ್ನು ಇವತ್ತೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತಿದ್ದೇನೆ. ಬರಹವನ್ನೂ, ಒಂದು ಬಾಟಲಿಯನ್ನೂ.

 ಹೊರಗೆ ಪಾನಕ, ಮಜ್ಜಿಗೆ ಇಟ್ಟಿದ್ದಾರೆ, ಕುಡಿದು ಹೋಗಿ.

ಜೈ ಹಿಂದ್, ಜೈ ಕರ್ನಾಟಕ.